ಆರನೇ ಮಂಚ

ವ್ಯಾನ್ ಬ್ರೇಕ್ ಹಾಕಲಿಲ್ಲ!

ರಿಂಗ್ ರೋಡಿನ ನಟ್ಟನಡುವೆ ಸ್ಕೂಟರ್ ಅಡ್ಡ ನಿಲ್ಲಿಸಿ, ಎರಡೂ ಕೈ ಮೇಲೆತ್ತಿ ನಿಂತಿದ್ದೆ. ಆ ಬಿಳಿ ವ್ಯಾನ್ ನೇರ ನನ್ನ ಮೇಲೇ ನುಗ್ಗುತ್ತಿತ್ತು. ಹಾರನ್ ಬೇರೆ!

ಪಕ್ಕಕ್ಕೆ ಹಾರಿದೆ.

ಸ್ಕೂಟರಿಗೆ ಹಾರಲು ಬರುವುದಿಲ್ಲ ನೋಡಿ... ವ್ಯಾನ್ ಅದಕ್ಕೆ ಗುದ್ದಿ, ಹತ್ತು ಮಾರು ಉಜ್ಜಿಕೊಂಡು ಹೋಗಿ ಆಫ್ ಆಯಿತು.

ನನ್ನ ಹೆಸರು ಹುಚ್ಚಣ್ಣ. ನಗಬೇಡಿ, ಮನೆದೇವರ ಹೆಸರು. ಕುಂಬಾರಕೊಪ್ಪಲಿನಲ್ಲಿ ಒಂದೇ ರೂಮಿನ ಡಿಟೆಕ್ಟಿವ್ ಆಫೀಸು. ಮದುವೆ ಗಂಡು ಕುಡಿಯುತ್ತಾನಾ, ಓಡಿಹೋದ ಬಾಡಿಗೆದಾರ ಎಲ್ಲಿದ್ದಾನೆ... ಇಂಥದ್ದನ್ನು ಪತ್ತೆ ಮಾಡುವುದು ನನ್ನ ಕಸುಬು. ಹೆಣದ ಗಾಡಿ ಅಡ್ಡಗಟ್ಟಿದ್ದು ಅದೇ ಮೊದಲು.

ಕೊರೋನಾ ಎರಡನೇ ಅಲೆಯ ಮೇ ತಿಂಗಳು ಅದು. ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ದಿನಾ ಯಾರಾದರೂ ಗೊತ್ತಿದ್ದವರು ಹೋಗುತ್ತಿದ್ದರು. ಮೊದಮೊದಲು ನನಗೂ ಅಳು ಬರುತ್ತಿತ್ತು. ಆಮೇಲೆ ನಿಂತುಹೋಯಿತು. ಯಾರು ಸತ್ತರೆಂದರೂ "ಹೌದಾ" ಅನ್ನುತ್ತಿದ್ದೆ. ಟೀ ಕುಡಿಯುತ್ತಿದ್ದೆ. ಅಷ್ಟೆ.

ಆವತ್ತೂ ಟೀ ಕುಡಿಯುತ್ತಿದ್ದಾಗಲೇ ಹೇಮಶ್ರೀ ಫೋನ್ ಬಂದಿದ್ದು.

"ಅಣ್ಣ, ಅಮ್ಮ ಹೋಗ್ಬುಟ್ರಂತೆ..."

"ಹೌದಾ," ಅಂದೆ.

ಹೇಮಶ್ರೀ ನಮ್ಮ ಬೀದಿಯ ಹುಡುಗಿ. ಆಸ್ಪತ್ರೆ ಲ್ಯಾಬಿನಲ್ಲಿ ಕೆಲಸ. ದಿನವಿಡೀ ಜನರ ಮೂಗಿಗೆ ಕಡ್ಡಿ ಹಾಕಿ ಸ್ವಾಬ್ ತೆಗೆಯುವುದು. ತನ್ನಿಂದ ತಾಯಿಗೆ ಅಂಟೀತೆಂದು ಹೆದರಿ, ಬೀರಮ್ಮನನ್ನು ದಟ್ಟಗಳ್ಳಿಯ ಒಂದು ಹಿರಿಯರ ನಿವಾಸದಲ್ಲಿ ಬಿಟ್ಟಿದ್ದಳು. ಅಲ್ಲಿ ಸೇಫ್ ಅಂತ! ಈಗ ಅವಳಿಗೇ ಪಾಸಿಟಿವ್. ರೂಮಿನಿಂದ ಆಚೆ ಕಾಲಿಡುವಂತಿಲ್ಲ.

"ಬಾಡಿ ಕೊಡಲ್ವಂತೆ ಅಣ್ಣ. ಫೋಟೋನೂ ಇಲ್ವಂತೆ. ಡೈರೆಕ್ಟ್ ಸ್ಮಶಾನಕ್ಕೆ ಕಳಿಸ್ಬುಟ್ರಂತೆ. ಒಂದೇ ಒಂದ್ಸಲ ಮುಖ ನೋಡ್ಬೇಕು. ಸುಡೋಕ್ ಮುಂಚೆ ವ್ಯಾನ್ ನಿಲ್ಸಿ ಅಣ್ಣ!"

ನಿಲ್ಲಿಸಿದ್ದೆ.

ಡ್ರೈವರ್ ಇಳಿದು ಬಂದ. ಅಮರ್ ಅಂತ, ಎಳೆ ಮೀಸೆ. ಕೈಯಲ್ಲಿ ಜಾಕ್ ರಾಡು.

"ತಲೆ ಕೆಟ್ಟದಾ ನಿಂಗೆ? ಸಾಯ್ಬೇಕು ಅಂತಿದ್ಯಾ?"

ರಾಡು ಬೀಸಿದ. ತಲೆ ತಗ್ಗಿಸಿದೆ, ಭುಜಕ್ಕೆ ಬಿತ್ತು. ನೋವಾಗಬೇಕಿತ್ತು... ಆಗಲಿಲ್ಲ. ಅವನ ಕೈ ತಿರುವಿ ಬೆನ್ನಿಗೆ ಹಚ್ಚಿದೆ.

"ಹಿಂದಿನ ಡೋರ್ ತೆಗಿ."

"ಪಾಸಿಟಿವ್ ಬಾಡಿ ಕಣಣ್ಣ! ಮುಟ್ಟಿದ್ರೆ ನಿಂಗೂ ಬತ್ತದೆ!"

"ಬರ್ಲಿ ಬುಡು. ತೆಗಿ!"

ಬಿಳಿ ಚೀಲ. ಮೇಲೆ ಮಾರ್ಕರಿನಲ್ಲಿ ಬರೆದಿತ್ತು: ಬೆಡ್ ಆರು, ಬೀರಮ್ಮ. ಹೇಮಶ್ರೀಗೆ ವೀಡಿಯೋ ಕಾಲ್ ಮಾಡಿದೆ. ಜಿಪ್ ಎಳೆದೆ.

ಅವಳು ಅಳಲಿಲ್ಲ. ಸ್ಕ್ರೀನಿಗೆ ಮುಖ ಹತ್ತಿರ ತಂದಳು.

"ಅಣ್ಣ... ಇದು ಅಮ್ಮ ಅಲ್ಲ!"

ನಾನೂ ನೋಡಿದೆ. ಬೀರಮ್ಮನ ಗಲ್ಲದ ಮೇಲೆ ಹಚ್ಚೆಯ ಬೊಟ್ಟುಗಳಿದ್ದವು. ಈಕೆಗಿರಲಿಲ್ಲ. ಕೊರಳಲ್ಲಿ ಬುದ್ಧನ ಪುಟ್ಟ ಲಾಕೆಟ್ ಇತ್ತು. ಯಾರದೋ ತಾಯಿ.

"ಯಾರೋ ಇವ್ರು?" ಅಮರನ ಕತ್ತುಪಟ್ಟಿ ಹಿಡಿದೆ.

"ನಂಗೇನ್ ಗೊತ್ತಣ್ಣ! ಬೆಡ್ ಸಿಕ್ಸ್ ಎತ್ಕೊಂಡು ಹೋಗು ಅಂದ್ರು, ಎತ್ಕೊಂಡೆ. ಹಳೇ ಆಯಾಗಳೆಲ್ಲ ಜ್ವರ ಬಂದು ಮನೆ ಸೇರವ್ರೆ. ಹೊಸೋರ್ಗೆ ಯಾರ್ ಹೆಸ್ರೂ ಗೊತ್ತಿಲ್ಲ. ಅಲ್ಲಿ ಎಲ್ಲಾ ಬೆಡ್ ನಂಬರ್ ಮೇಲೇ..."

"ಒಳಗಡೆ ಎಷ್ಟ್ ಜನಕ್ಕೆ ಜ್ವರ?"

"ಎಲ್ರಿಗೂ!"

ಫೋನಿನಲ್ಲಿ ಹೇಮಶ್ರೀ ಕಿರುಚಿದಳು. "ಹಂಗಾದ್ರೆ ಅಮ್ಮ ಒಳಗೇ ಅವ್ರೆ! ಜ್ವರ ಇದ್ರೆ ಆಕ್ಸಿಜನ್ ಬೇಕೇ ಬೇಕು. ನಾನು ಆಸ್ಪತ್ರೇಲಿ ಒಂದ್ ಬೆಡ್ ಹಿಡಿಸ್ತೀನಿ... ಓಡಿ ಅಣ್ಣ!"

ಅಮರನ ಡಿಎಲ್ ಕಿತ್ತು ನನ್ನ ಜೇಬಿಗೆ ಹಾಕಿಕೊಂಡೆ.

"ಸ್ಮಶಾನದ ಗೇಟ್ ಹತ್ರ ನಿಂತಿರು. ನಾನು ಹೇಳೋವರ್ಗೂ ಈ ತಾಯೀನ ಒಳಗೆ ಕೊಡಂಗಿಲ್ಲ. ಕೊಟ್ಯೋ... ಮುಂದಿನ ಚೀಲ ನಿಂದೇ!"

ತಲೆಯಾಡಿಸಿದ. ಸ್ಕೂಟರಿನ ಹ್ಯಾಂಡಲ್ ಸೊಟ್ಟಗಾಗಿತ್ತು. ಸೊಟ್ಟಗೇ ಓಡಿಸಿದೆ. ದಾರಿಯಲ್ಲಿ ಪೊಲೀಸರು ಲಾಠಿ ಅಡ್ಡ ಹಿಡಿದರು. ಫುಟ್‌ಪಾತ್ ಹತ್ತಿಸಿ ನುಗ್ಗಿದೆ. ಹಿಂದಿನಿಂದ ಸೀಟಿ ಕೇಳಿಸಿತು. ತಿರುಗಿ ನೋಡಲಿಲ್ಲ.

ದಟ್ಟಗಳ್ಳಿಯ ಕೊನೇ ಲೇಔಟು. ಗೇಟಿಗೆ ಒಳಗಿನಿಂದ ಬೀಗ. ಕಾಂಪೌಂಡ್ ಹಾರಿದೆ.

ಎದುರಿಗೇ ಶಿವಶಂಕರ್. ಆ ನಿವಾಸದ ಮ್ಯಾನೇಜರ್. ಇಸ್ತ್ರಿ ಶರ್ಟು, ಎರಡೆರಡು ಮಾಸ್ಕು, ಕೈಯಲ್ಲಿ ಕ್ರಿಕೆಟ್ ಬ್ಯಾಟು.

"ಯಾರ್ರೀ ನೀವು? ಹೊರಗೆ ನಡೀರಿ!"

"ಬೀರಮ್ಮ ಎಲ್ಲಿ?"

"ಅವರು ತೀರ್ಕೊಂಡ್ರು. ಮಗಳಿಗೆ ಹೇಳಿದೀವಿ."

"ಬದುಕಿದಾರೆ. ಒಳಗೆ ಬಿಡ್ರಿ."

ಅವನ ಕಣ್ಣು ಸಣ್ಣದಾಯಿತು. "ನೋಡ್ರಿ, ಸುದ್ದಿ ಆಚೆ ಹೋದ್ರೆ ಹೋಮ್ ಸೀಲ್ ಮಾಡ್ತಾರೆ. ಇನ್ನೊಂದ್ ಹೆಜ್ಜೆ ಇಟ್ರೆ ಮಂಡಿ ಮುರೀತೀನಿ!"

ಬ್ಯಾಟು ಎತ್ತಿದ.

ನನ್ನ ಹತ್ತಿರ ಕೋವಿ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಮಾಸ್ಕ್ ಕಿತ್ತು ಬಿಸಾಡಿದೆ.

"ನೀವು ಕಳಿಸಿದ ಚೀಲ ಈಗ ತಾನೇ ಬಿಚ್ಚಿ ಬಂದಿದೀನಿ ಕಣ್ರೀ. ಇದೇ ಕೈಲಿ. ಬನ್ನಿ... ಹೊಡೀರಿ!"

ಅವನ ಮುಖದ ಹತ್ತಿರಕ್ಕೆ ಹೋಗಿ ಒಂದು ಸಲ ಕೆಮ್ಮಿದೆ.

ಬ್ಯಾಟು ಕೆಳಗೆ ಬಿತ್ತು! ಗಂಡಸು ಗೋಡೆಗೆ ಅಂಟಿಕೊಂಡ.

"ಕಾರ್ ಕೀ, ಗೇಟ್ ಕೀ ಎರಡೂ ಕೊಡ್ರಿ."

"ಏನು?"

ಇನ್ನೊಂದು ಸಲ ಕೆಮ್ಮಿದೆ. ಎರಡೂ ಹಾರಿ ಬಂದವು.

ಒಳಗೆ ಉದ್ದನೆಯ ಹಾಲ್. ಕಿಟಕಿಗಳೆಲ್ಲ ಮುಚ್ಚಿದ್ದವು. ಎರಡೂ ಕಡೆ ಮಂಚಗಳು, ಮಂಚಗಳ ಮೇಲೆ ಕೆಮ್ಮು. ಒಬ್ಬರು ನೀರು ಕೇಳಿದರು. ಇನ್ನೊಬ್ಬರು ನನ್ನನ್ನು ಯಾವುದೋ ಹೆಸರಿನಿಂದ ಕರೆದರು. ನೀರಿನ ಜಗ್ಗು ಅಲ್ಲೇ ಇತ್ತು, ಕುಡಿಸಿದೆ. ಏನಾದರೂ ಅನ್ನಿಸಬೇಕಿತ್ತು. ಏನೂ ಅನ್ನಿಸಲಿಲ್ಲ.

ಆರನೇ ಮಂಚ ಖಾಲಿ.

ಎದುರು ಸಾಲಿನ ಒಂಬತ್ತನೇ ಮಂಚದಲ್ಲಿ ಒಂದು ಗಲ್ಲ ಕಂಡಿತು. ಅದರ ಮೇಲೆ ಹಚ್ಚೆಯ ಬೊಟ್ಟು.

"ಬೀರಮ್ಮಜ್ಜಿ! ನಾನು ಹುಚ್ಚಣ್ಣ. ಇಲ್ಯಾಕೆ ಮಲ್ಗಿದ್ದೀರಾ? ನಿಮ್ದು ಆರನೇದಲ್ವಾ?"

ಉಸಿರು ಎಳೆದು ಎಳೆದು ಮಾತಾಡಿದರು.

"ಆ ಮಂಚುಕ್ಕೆ ತಲೆ ಉತ್ತರುಕ್ಕೆ ಬತ್ತದೆ ಕಣಪ್ಪ... ಗೋಡೆಗೆ ಬಿಗ್ದವ್ರೆ, ತಿರುಗ್ಸಕಾಗಲ್ಲ. ಕಾಲ್ ಕಡೆ ತಲೆ ಆಕಂಡ್ರೆ ತಗ್ಗು, ಉಸ್ರೇ ಆಡಲ್ಲ. ಉತ್ತರುಕ್ಕೆ ತಲೆ ಆಕಿ ಎಂಗ್ ಮಲಗ್ಲಿ? ಜೀವ ಓಯ್ತದೆ ಅಂತ ಎದ್ರಿಕಂಡೆ. ಅದ್ಕೇ ಸಾಕಮ್ಮ ಬದ್ಲಾಯಿಸ್ಕಂಡ್ಳು..."

"ಅವ್ರಿಗೆ ಹೆದ್ರಿಕೆ ಇರ್ಲಿಲ್ವಾ?"

"ಅವ್ರು ಬೌದ್ಧರು ಕಣಪ್ಪ. ಬುದ್ಧಗುರು ಕಡೇಲಿ ಉತ್ತರುಕ್ಕೇ ತಲೆ ಆಕಿ ಮಲ್ಗಿದ್ದು, ನಂಗೇನ್ ಎದ್ರಿಕೆ ಬುಡು ಬೀರವ್ವ ಅಂದ್ಳು. ಮಂಚ ಬುಟ್ಕೊಟ್ಳು." ಖಾಲಿ ಮಂಚದ ಕಡೆ ನೋಡಿದರು. "ಎಲ್ಲಪ್ಪ ಅವ್ಳು?"

ಬಗ್ಗಿ ಅವರ ಬೆನ್ನಿನ ಕೆಳಗೆ ಕೈ ಹಾಕಿದೆ. ಅಷ್ಟಕ್ಕೇ ಅವರಿಗೆ ತಿಳಿದುಹೋಯಿತು.

"ಅಯ್ಯೋ ನನ್ ತಾಯಿ... ನಂಗ್ ಬಂದಿದ್ನ ನೀನ್ ತಕ್ಕೊಂಡ್ಯಾ!"

ಎತ್ತಿಕೊಂಡೆ. ಹಗುರಾಗಿದ್ದರು, ಕಾದ ಬಾಣಲೆಯ ಹಾಗೆ ಸುಡುತ್ತಿದ್ದರು. ಶಿವಶಂಕರನ ಹೊಸ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದೆ. ಅಲ್ಲಿಂದಲೇ ಆರೋಗ್ಯ ಇಲಾಖೆಗೆ ಫೋನ್ ಮಾಡಿ ಹೋಮಿನ ಅಡ್ರೆಸ್ ಕೊಟ್ಟೆ. ಮೂಲೆಯಲ್ಲಿ ನಿಂತಿದ್ದ ಹೊಸ ಆಯಾ ಕಾರಿನ ಕಿಟಕಿಗೆ ಓಡಿಬಂದು, ಒಂಬತ್ತರ, ಅಂದರೆ ಸಾಕಮ್ಮನ, ಮನೆಯವರ ನಂಬರ್ ಹೇಳಿದಳು.

ಆಮೇಲೆ ಯಾವ ಸಿಗ್ನಲ್ಲಿಗೂ ನಿಲ್ಲಲಿಲ್ಲ.

ಆಸ್ಪತ್ರೆ ಬಾಗಿಲಲ್ಲೇ ಸ್ಟ್ರೆಚರ್ ಕಾದಿತ್ತು. ಹೇಮಶ್ರೀ ಮಾತು ಉಳಿಸಿಕೊಂಡಿದ್ದಳು. ಮೂಗಿಗೆ ಆಕ್ಸಿಜನ್ ಹಾಕಿದರು. ನರ್ಸು ಹೆಬ್ಬೆರಳು ಎತ್ತಿ ತೋರಿಸಿದಳು. ಬೀರಮ್ಮ ಉಳಿಯುತ್ತಾರಂತೆ.

ವೀಡಿಯೋ ಕಾಲಿನಲ್ಲಿ ಹೇಮಶ್ರೀ ನಗುತ್ತಿದ್ದಳು, ಅಳುತ್ತಿದ್ದಳು. "ನಿಮ್ ಉಪಕಾರ ಸಾಯೋವರ್ಗೂ ಮರೆಯಲ್ಲ ಅಣ್ಣ!"

"ಹೌದಾ," ಅಂದೆ.

ಅಮರ್ ಇನ್ನೂ ಸ್ಮಶಾನದ ಗೇಟಿನಲ್ಲೇ ಸಾಕಮ್ಮನನ್ನು ಇಟ್ಟುಕೊಂಡು ಕಾಯುತ್ತಿದ್ದ. ಹೊರಗೆ ಬಂದು ಆಯಾ ಕೊಟ್ಟ ನಂಬರಿಗೆ ರಿಂಗ್ ಮಾಡಿದೆ. ಶ್ರೀರಾಂಪುರದ ಚಿಕ್ಕಮಾದಯ್ಯ. ಸಾಕಮ್ಮನ ಮಗ, ಬಸ್ ಡ್ರೈವರ್. ಹೋಮ್ ಕಡೆಯವನು ಅಂತಷ್ಟೇ ಹೇಳಿದೆ. ಮುಂದಿನದಕ್ಕೆ ಬಾಯಿ ಬರಲಿಲ್ಲ. ಆ ತಿಂಗಳಲ್ಲಿ ಮೊದಲನೇ ಸಲ ಅಳು ಬಂದಿತ್ತು ಕಣ್ರೀ.

ಆ ಮನುಷ್ಯ ಮಾತಾಡಲು ಬಿಟ್ಟರೆ ತಾನೇ!

"ಗೊತ್ತಾಯ್ತು ಬುಡಿ ಸಾರ್! ಬೆಳಗ್ಗೆ ನಿಮ್ಮೋರೇ ಹೇಳಿದ್ರು, ಬೆಡ್ ನೈನ್ ಅಜ್ಜಿ ಉಪ್ಸಾರು-ಮುದ್ದೆ ಕೇಳ್ತಾವ್ರೆ ಅಂತ. ಜ್ವರ ಬಂದಾಗ್ಲಿಂದ ಏನೂ ಮುಟ್ಟಿರ್ಲಿಲ್ಲ ನಮ್ಮವ್ವ. ನಮ್ಮನೇಲಿ ಇವತ್ತು ಹಬ್ಬ ಸಾರ್! ಕ್ಯಾರಿಯರ್ ಕಟ್ಕೊಂಡು ಹೊಂಟೇಬುಟ್ಟಿದೀನಿ. ದೂರದಿಂದ ಮುಖ ನೋಡ್ಕೊಂಡ್ ಬತ್ತೀನಿ... ಗೇಟ್ ಒಳಗೆ ಬುಡ್ತಾರಾ?"

"ಬಿಡ್ತಾರೆ ಚಿಕ್ಕಮಾದಣ್ಣ," ಅಂದೆ. "ಆದ್ರೆ ಆ ಗೇಟಲ್ಲ."