ಹುಣಸೆಹುಳಿಯಲ್ಲಿ ಬೆಳಗಿದ ಬಾಕು

“ಯಾವ ಪುಣ್ಯಾತ್ಮ ಇದನ್ನ ಹುಣಸೆಹಣ್ಣು ಹಾಕಿ ಉಜ್ಜಿದ್ದು?”

ಪ್ರಜ್ಞಾಳ ದನಿ ಕಡೂರಿನ ಆ ಪುಟ್ಟ ಲ್ಯಾಬಿನ ಮೂಲೆಮೂಲೆಗೂ ಕೇಳಿಸಿತು. ಹಳೇ ಲೋಹದ ವಸ್ತುಗಳು ಹಾಳಾಗದಂತೆ ಕಾಪಾಡುವುದು ಅವಳ ಉದ್ಯೋಗ. ಅದಕ್ಕೇ ಮೈಸೂರಿನಿಂದ ಬಂದಿದ್ದಳು. ಹಿರೇನಲ್ಲೂರಿನ ಹೊಲದಲ್ಲಿ ಕೃಷಿಹೊಂಡ ತೋಡುವಾಗ ಸಿಕ್ಕ ಬಾಕು ಮೇಜಿನ ಮೇಲಿತ್ತು. ಹಿತ್ತಾಳೆಯ ಹಿಡಿ ಫಳಫಳ ಹೊಳೆಯುತ್ತಿತ್ತು, ಕಬ್ಬಿಣದ ಅಲಗು ಮಾತ್ರ ಪದರ ಪದರವಾಗಿ ಉದುರುತ್ತಿತ್ತು.

“ನಾನೇ ಕಣ್ರೀ,” ಅಂದ ಹೊಲದೊಡೆಯ ಓಂಕಾರೇಶ್, ತಲೆ ಕೆರೆದುಕೊಳ್ಳುತ್ತ.

“ಎರಡು ಲೋಹ ತಾಗಿರೋ ಕಡೆ ಹುಳಿನೀರು ಇಳಿದ್ರೆ ಕಬ್ಬಿಣ ತಾನು ಸವೆದು ಹಿತ್ತಾಳೆನ ಉಳಿಸುತ್ತೆ. ಗೊತ್ತಾ?”

“ಪಾಪ, ಒಳ್ಳೇದು ಕಣ್ರೀ ಕಬ್ಬಿಣ.”

ಬಂದ ನಗುವನ್ನು ಅವಳು ಮಾಸ್ಕಿನೊಳಗೇ ನುಂಗಿಕೊಂಡಳು.

ಅಂದಿನಿಂದ ಅವನಿಗೆ ಕಡೂರಿನಲ್ಲಿ ದಿನಾ ಏನಾದರೊಂದು ಕೆಲಸ. ಬಾಕು ತೊಳೆಯಲು ಡಿಸ್ಟಿಲ್ಡ್ ವಾಟರ್ ಬೇಕೆಂದರೆ ಬೀರೂರಿನ ಬ್ಯಾಟರಿ ಅಂಗಡಿಯಿಂದ ಕ್ಯಾನು ಹೊತ್ತು ತರುವನು. ತಂದವನು ಹೋಗಬೇಕಲ್ಲ? ಹೋಗುವುದಿಲ್ಲ. ಬ್ರಷ್ ಹಿಡಿದ ಅವಳ ಬೆರಳನ್ನೇ ನೋಡುತ್ತ ಕೂರುವನು. ಅವಳು ತಲೆಯೆತ್ತಿದರೆ ಗಂಭೀರವಾಗಿ ಗೋಡೆಯ ಕ್ಯಾಲೆಂಡರ್ ಓದುವನು.

ಅವನು ಬಾರದ ದಿನ ಅವಳಿಗೂ ಕೈ ಓಡದು. ಇದು ಪ್ರೀತಿಯೇ ಎಂದು ಗೊತ್ತಾಗಿ ಭಯವಾಯಿತು. ಅವಳ ಮನೆಯವರು ಬುದ್ಧವಿಹಾರಕ್ಕೆ ಹೋಗುವವರು. ಅವನ ಮನೆಯವರು ತಲೆತಲಾಂತರದಿಂದ ಮಠಕ್ಕೆ ನಡೆದುಕೊಳ್ಳುವವರು. “ಹುಡುಗ ಒಳ್ಳೆಯವನೇ ಇರ್ಬೋದು ಕಣೇ. ಅವರಮ್ಮ ನಿನ್ನ ಹೊಸಲು ದಾಟುಸ್ತಾರಾ?” ಎಂದು ಫೋನಿನಲ್ಲಿ ತಾಯಿ ಹಾಲಮ್ಮ ಕೇಳಿದರು.

ಬಾಕು ಒಣಗಿತು, ಮೇಣದ ಲೇಪವೂ ಆಯಿತು. ನಾಳೆ ಅದರ ಜೊತೆ ಅವಳೂ ಮೈಸೂರಿಗೆ ಹೊರಡಬೇಕು. ಈ ಮಹಾರಾಯ ಇನ್ನೂ ಬಾಯಿ ಬಿಟ್ಟಿಲ್ಲ.

ಸಂಜೆ ಓಂಕಾರೇಶ್ ತಾಯಿಯನ್ನು ಕರೆದುಕೊಂಡು ಬಂದ. ಪಂಕಜಾಕ್ಷಮ್ಮ ಬಾಕುವನ್ನು ನೋಡಿದರು, ಆಮೇಲೆ ಅವಳನ್ನು.

“ಉಜ್ಜಿದ್ದು ನಾನು ಕಣಮ್ಮಾ. ಮಣ್ಣಲ್ಲಿ ಸಿಕ್ಕಿದ್ದು, ತೊಳೀದೆ ದೇವ್ರ ಮುಂದೆ ಹೆಂಗಿಡೋದು ಅಂತ. ಇವ್ನು ಸುಮ್ನೆ ಬೈಸ್ಕೊಂಡ್ಬಿಟ್ಟ.”

ಪ್ರಜ್ಞಾ ಅವನತ್ತ ತಿರುಗಿದಳು. “ಅವತ್ತೇ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಅಮ್ಮನ್ನ ಬೈತಿದ್ರಿ.” ಅವನ ಕಿವಿ ಕೆಂಪಗಾಗಿತ್ತು. “ಶುರುವಿನಲ್ಲೇ ಅತ್ತೆ ಸೊಸೆ ಜಗಳ ಯಾಕೆ ಅಂತ…”

“ಅವತ್ತೇನಾ?”

“ಅವತ್ತೇ ಕಣ್ರೀ.”

ಅವಳಿಗೆ ಎದೆ ತುಂಬಿ ಬಂತು. ಆದರೂ ಕಣ್ಣು ಅಂಜುತ್ತಲೇ ಪಂಕಜಾಕ್ಷಮ್ಮನ ಮುಖಕ್ಕೆ ಹೋಯಿತು. ಮಗನ ಮಾತಿಗೆ ಅವರು ಬೆಚ್ಚಿದಂತೆ ಕಾಣಲಿಲ್ಲ.

“ನಾಳೆ ಹೊರಡೋಕೆ ಮುಂಚೆ ಮನೆಗೆ ಬಾರಮ್ಮ,” ಅಂದರು. “ದೇವರ ಕೋಣೇಲಿ ಇನ್ನೂ ಏನೇನು ಉಜ್ಜಬಾರ್ದು ಅಂತ ನೀನೇ ಒಳಗ್ ಬಂದು ನೋಡಿ ಹೇಳ್ಬೇಕು.”