ಎರಡು ಹೋಳಾದ ದೇವರು

"ಮೇಡಂ, ಆ ಕಲ್ಲು ಎಲ್ಲೈತ್ರಿ? ಅದು ಒರಳಗುಂಡಲ್ಲ... ನಮ್ಮನಿ ದೇವರ್ರೀ!"

ಲ್ಯಾಬಿನ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ ಹಾಲೇಶನ ಮಾತು ಕೇಳಿ ದೀಪಾಲಿಯ ಜೀವ ಬಾಯಿಗೆ ಬಂತು.

ಚಿಕ್ಕೋಡಿಯ ಕಾಲೇಜಿನಲ್ಲಿ ಆಕೆ ಕಲಿಸುವುದು ಭೂವಿಜ್ಞಾನ, ಆತ ರಸಾಯನಶಾಸ್ತ್ರ. ನಿನ್ನೆ ಏಕಸಂಬಿಯ ಅವನ ಮನೆಯಂಗಳದಲ್ಲಿ, ಒರಳಿನ ಪಕ್ಕ ಆ ಗುಂಡುಕಲ್ಲು ಕಂಡಿತ್ತು. ಮೈತುಂಬ ಕೆಂಪು ಹರಳು! "ಒಯ್ಯಲೇನ್ರಿ?" ಅಂದಿದ್ದಳು. ಕುರಿ ಕಟ್ಟುತ್ತಿದ್ದ ಹಾಲೇಶ ತಿರುಗಿಯೂ ನೋಡದೆ "ಒಯ್ರಿ" ಅಂದಿದ್ದ. ದೇವರ ಜಗಲಿ ಸಾರಿಸಲೆಂದು ಅವನವ್ವ ಭೀಮಾಬಾಯಿ ದೇವರನ್ನು ತೊಳೆದು ಒಣಗಲಿಟ್ಟಿದ್ದು ಈ ಮಹಾಪಂಡಿತರಿಬ್ಬರಿಗೂ ತಿಳಿಯಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಇಲ್ಲಿ ಹೋಳಾದದ್ದು ದೇವರು!

'ಅಯ್ಯೋ... ಒಳಗಿನ ಹರಳು ನೋಡಲೆಂದು ಬೆಳಿಗ್ಗೆಯೇ ಗರಗಸ ಹಚ್ಚಿ ಕೊಯ್ದುಬಿಟ್ಟೆನಲ್ಲ! ಇನ್ನು ಆ ಮನೆಯ ಹೊಸ್ತಿಲು ತುಳಿಸುತ್ತಾರಾ?' ಎರಡು ವರ್ಷ ಮನಸ್ಸಿನಲ್ಲೇ ಬಚ್ಚಿಟ್ಟ ಪ್ರೀತಿ ಇಂದಿಗೆ ಮುಗಿಯಿತು ಅನ್ನಿಸಿತು.

ಹಿಂದೆಯೇ ಭೀಮಾಬಾಯಿ ಒಳಗೆ ಬಂದಳು. ದೀಪಾಲಿ ಕಲ್ಲಿಗೆ ಸುತ್ತಿಟ್ಟಿದ್ದ ಬಟ್ಟೆ ಬಿಚ್ಚಿದಳು.

ಎರಡು ಹೋಳು.

ಮುದುಕಿ ಎರಡನ್ನೂ ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು.

"ಯಾಕ ಕೊಯ್ದೀ ಬೇ? ಏನೈತಿ ಇದರಾಗ?"

"ಇದು ನಮ್ಮ ಕಡೀ ಕರಿಕಲ್ಲಲ್ರಿ, ಅತ್ತೀ... ದೂರ ದಕ್ಷಿಣದ್ದು. ಹತ್ತಿಪ್ಪತ್ತು ಮೈಲಿ ಆಳದಾಗ, ನೀರೂ ಉಳೀಲಾರದಂಥ ಬೇಗ್ಯಾಗ, ಭಾರದಾಗ ಮೈ ಬದಲಿಸಿದ್ದು. ಕೆಂಪಂದು ಗಾರ್ನೆಟ್, ಬಿಳೀದು ಸ್ಫಟಿಕ, ಕಪ್ಪಂದು ಪೈರಾಕ್ಸಿನ್... ತಪ್ಪಾತ್ರಿ!"

ಅಷ್ಟರಲ್ಲಿ ತಾನು 'ಅತ್ತಿ' ಅಂದದ್ದು ಹೊಳೆದು ಆಕೆ ನಾಲಿಗೆ ಕಚ್ಚಿಕೊಂಡಳು.

"ಹೌದವಾ, ಕುರಿ ಹೊಡಕೊಂಡು ಬಂದ ಹಿರ್ಯಾರು ಅಲ್ಲಿಂದನ ತಂದಾರಂತ." ಭೀಮಾಬಾಯಿ ಕೊಯ್ದ ಮೈಯನ್ನು ಬೆರಳಿಂದ ಸವರಿದಳು. "ಅಂಥಾ ಬೆಂಕ್ಯಾಗ ಉಳಿದಾಂವ ನಿನ್ನ ಗರಗಸಕ್ಕ ಸಾಯ್ತಾನೇನ?"

ಒಂದು ಹೋಳಿಗೆ ಭಂಡಾರದ ಅರಿಶಿನ ಹಚ್ಚಿ ಉಡಿಗೆ ಹಾಕಿಕೊಂಡು ಹೊರಗೆ ನಡೆದಳು. ಇನ್ನೊಂದು ಮೇಜಿನ ಮೇಲೇ ಉಳಿಯಿತು.

"ಇದನ್ಯಾಕ ಬಿಟ್ಟು ಹೋದ್ರು? ಸಿಟ್ಟಾಗ್ಯಾರೇನ್ರಿ?" ದೀಪಾಲಿಗೆ ಅಳು ಒತ್ತರಿಸಿ ಬಂತು.

"ಹೊಸಾ ಸಂಸಾರ ಹೂಡೋ ಮಗಗ ಜಗಲಿ ದೇವರನ್ನ ಅವ್ವ ತನ್ನ ಕೈಯಾರೆ ಕೊಡಬೇಕ್ರಿ. ನಮ್ಮಲ್ಲಿ ಪದ್ಧತಿ."

"ಯಾರ ಸಂಸಾರ?"

"ನೀವು ಹೂಂ ಅಂದ್ರ... ನಮ್ಮದು."

ಹಾಲೇಶ ಆಕೆಯ ಕೈ ಹಿಡಿದ. ಅವನ ಕೈಯೇ ನಡುಗುತ್ತಿತ್ತು!

"ನಿಮಗ್ಯಾಕ ಅಂಜಿಕಿ?"

"ಒಲ್ಲೆ ಅಂತೀರೇನಂತ..."

"ಹುಚ್ಚಪ್ಪಾ!" ಅಳುತ್ತಲೇ ನಕ್ಕಳು. "ಆ ಹೂಂ ಎರಡು ವರ್ಷದಿಂದ ಬಾಯಾಗ ಇಟಗೊಂಡೇನಿ, ಹಾಲೇಶ."