ಮತ್ತೊಮ್ಮೆ ಹೇಳಬೇಕಾದ ಸಾಕ್ಷಿ

"ಗೆದ್ವೇನೇ?" ಎಂದು ಅತ್ತೆ ಬಾಗಿಲಲ್ಲೇ ಕೇಳಿದಾಗ ಸೊಸೆಗೆ ಚಪ್ಪಲಿ ಬಿಡುವಷ್ಟೂ ತ್ರಾಣವಿರಲಿಲ್ಲ.

"ನಾವು ಗೆದ್ದಿದ್ದ ಮೊದಲಿನ ತೀರ್ಪೇ ಮೇಲಿನ ಕೋರ್ಟಲ್ಲಿ ರದ್ದಾಯ್ತು, ಅತ್ತೆ... ಜಮೀನಿನ ತಕರಾರು ಕೇಳೋ ಅಧಿಕಾರ ಆ ಮೊದಲಿನ ಕೋರ್ಟಿಗೆ ಇರಲೇ ಇಲ್ವಂತೆ. ಅದಕ್ಕೆ ಅಂತ್ಲೇ ಭೂ ನ್ಯಾಯಾಲಯ ಬೇರೆ ಇದೆಯಂತೆ. ಅಲ್ಲಿ ಮೊದಲಿಂದ ಶುರು ಮಾಡ್ಬೇಕು."

"ಹಾಗಾದ್ರೆ ನಾನು ಹೇಳಿದ ಸಾಕ್ಷಿ?"

"ಅದೂ ಲೆಕ್ಕಕ್ಕಿಲ್ಲ. ಮತ್ತೆ ಹೇಳ್ಬೇಕು."

ಮುದುಕಿ ಗೋಡೆ ಹಿಡಿದು ಕುಸಿದು ಕುಳಿತಳು. ಈ ಮನೆ, ಸೊಸೆ ಸಸಿ ಬೆಳೆಸಿ ಮಾರುವ ಹಿತ್ತಲು, ಎರಡನ್ನೂ ಪಾಲಿನ ದಿನ ಮನೆಯವರೆಲ್ಲ ಸೇರಿ ಹಿರಿಯ ಮಗನಿಗೆ, ಅಂದರೆ ಈ ಸೊಸೆಯ ಗಂಡನಿಗೆ, ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದರು. ಕಾಗದದಲ್ಲಿ ಮಾತ್ರ ಕಿರಿಯವನ ಹೆಸರೇ ಉಳಿದಿತ್ತು. ಹಿರಿಯವನು ತೀರಿಕೊಂಡದ್ದೇ ತಡ, "ಅಣ್ಣನಿಗೆ ಇರೋಕೆ ಬಿಟ್ಟಿದ್ದೆ ಅಷ್ಟೇ" ಎಂದು ಕಿರಿಯವನು ಕೋರ್ಟು ಹತ್ತಿದ. ಆಗ ಕಟಕಟೆಯಲ್ಲಿ ನಿಂತು "ನನ್ನ ಮಗ ಸುಳ್ಳು ಹೇಳ್ತಿದಾನೆ" ಎಂದವಳು ಈ ತಾಯಿ! ಅಂದಿನಿಂದ ಅವನ ಬಾಯಲ್ಲಿ ಅಮ್ಮ ಎಂಬ ಮಾತು ಬಂದಿಲ್ಲ. ತಾನೇ ಹತ್ತಿದ ಕೋರ್ಟು ತಪ್ಪು ಎಂಬುದು ಆ ಮಹಾನುಭಾವನಿಗೆ ಹೊಳೆದದ್ದಾದರೂ ಯಾವಾಗ? ಸೋತ ಮೇಲೆ!

"ಒಂದ್ಸಲ ಹೇಳೋಕೇ ಕರುಳು ಕಿತ್ತು ಬಂದಿತ್ತು ಕಣೇ..."

"ನೀವು ಹೇಳದಿದ್ರೆ ಈ ಮನೆ ಹೋಗುತ್ತೆ, ಅತ್ತೆ. ನಿಮ್ಮನ್ನ ಎಲ್ಲಿಟ್ಕೊಳ್ಳಲಿ?"

"ಹೇಳ್ತೀನಿ ಬಿಡು," ಎಂದು ಮುದುಕಿ ಕಣ್ಣೊರೆಸಿಕೊಂಡಳು.

ಭೂ ನ್ಯಾಯಾಲಯದ ಕೊಠಡಿ ಚಿಕ್ಕದು. ಮಗ ಕೈಗೆಟಕುವಷ್ಟು ಹತ್ತಿರ ಕುಳಿತಿದ್ದ. ಕೂದಲು ನೆರೆತಿತ್ತು. ಅಂಗಿಯ ಕಾಲರು ಒಳಕ್ಕೆ ಮಡಚಿಕೊಂಡಿತ್ತು. ಚಿಕ್ಕಂದಿನಲ್ಲಿ ದಿನಾ ಅದನ್ನು ಸರಿಮಾಡಿ ಶಾಲೆಗೆ ಕಳಿಸುತ್ತಿದ್ದವಳು ಇವಳೇ.

"ಪಾಲಿನ ದಿನ ಏನಾಯ್ತು? ಹೇಳಿ, ಅಮ್ಮಾ," ಎಂದರು ನ್ಯಾಯಾಧೀಶರು.

ಅಮ್ಮಾ! ಕರೆಯಬೇಕಾದವನು ತಲೆ ಎತ್ತಲಿಲ್ಲ. ಅವಳು ಅವನನ್ನೇ ನೋಡುತ್ತಿದ್ದಳು.

"ನನಗೆ... ನೆನಪಿಲ್ಲ, ಸ್ವಾಮಿ."

ಸೊಸೆ ಕುಳಿತಲ್ಲಿಂದ ಎದ್ದೇಬಿಟ್ಟಳು. ನೆನಪಿಲ್ಲವಂತೆ! ಯಾವ ಸಸಿಗೆ ಯಾವತ್ತು ಗೊಬ್ಬರ ಹಾಕಿದ್ದೆಂದು ಬೆರಳು ಮಡಚಿ ಹೇಳುವವಳಿಗೆ! ಕೂಗಿಬಿಡಬೇಕೆನಿಸಿತು. ಆದರೆ ಅತ್ತೆಯ ಕಣ್ಣು ಮಗನ ಮೇಲೇ ನೆಟ್ಟಿದ್ದು ಕಂಡು ಮತ್ತೆ ಕುಳಿತಳು.

ಹೊರಗಿನ ವರಾಂಡದಲ್ಲಿ ಮುದುಕಿ ಮಗನ ದಾರಿಗೆ ಅಡ್ಡವಾಗಿ ನಿಂತಳು. ಕೈ ತಾನಾಗಿ ಅವನ ಕಾಲರಿನತ್ತ ಮೇಲೆದ್ದಿತ್ತು. ಅವನು ವಕೀಲರೊಡನೆ ನಗುತ್ತಾ, ಪಕ್ಕಕ್ಕೆ ಸರಿದು ಇಳಿದುಹೋದ... ತಿರುಗಿಯೂ ನೋಡಲಿಲ್ಲ.

"ಬನ್ನಿ ಅತ್ತೆ, ಮನೆಗೆ ಹೋಗೋಣ."

"ಯಾವ ಮನೆಗೆ ಕಣೇ?"

ಸೊಸೆ ಇನ್ನೂ ಮೇಲೆಯೇ ಉಳಿದಿದ್ದ ಆ ಕೈಯನ್ನು ಹಿಡಿದುಕೊಂಡು ಅತ್ತೆಯನ್ನು ನಿಧಾನವಾಗಿ ಮೆಟ್ಟಿಲಿಳಿಸಿದಳು.